ಸ್ಕಿನ್ನರನ ಇಲಿಯೂ ತಿರುಪ್ಪೂರಿನ ಶನಿವಾರವೂ

ಟಿ.ಸಿ.ಎಚ್. ಓದುವಾಗ ನಮಗೆ ಶೈಕ್ಷಣಿಕ ಮನೋವಿಜ್ಞಾನ ಅಂತ ಒಂದು ಪೇಪರ್ ಇತ್ತು. ಅದರೊಳಗೆ ಒಂದು ಸಣ್ಣ ಮೃಗಾಲಯವೇ ಇತ್ತು ಅನ್ನಿ. ಪಾವ್ಲೋವನ ನಾಯಿ, ಥಾರ್ನ್‌ಡೈಕನ ಬೆಕ್ಕು, ಕೊಹ್ಲರನ ಚಿಂಪಾಂಜಿ, ಸ್ಕಿನ್ನರನ ಇಲಿ. ಪರೀಕ್ಷೆಗೆ ಯಾವುದಾದರೂ ಒಂದು ಪ್ರಾಣಿ ಬಂದೇ ಬರುತ್ತದೆ ಅಂತ ನಾಲ್ಕನ್ನೂ ಬಾಯಿಪಾಠ ಮಾಡಿದ್ದೆವು. ನನಗೆ ಬಂದದ್ದು ಇಲಿ. ಪೆಟ್ಟಿಗೆಯ ಚಿತ್ರ ಬರೆದು, ಸನ್ನೆ, ಆಹಾರದ ಬಟ್ಟಲು ಎಲ್ಲ ಗುರುತಿಸಿ, 'ಪುನರ್ಬಲನದ ಅನುಸೂಚಿಗಳು ನಾಲ್ಕು' ಅಂತ ಶುರುಮಾಡಿ ಒಂದೂವರೆ ಪುಟ ಬರೆದೆ. ಪಾಸಾದೆ. ಅಲ್ಲಿಗೆ ಇಲಿಯ ಋಣ ತೀರಿತು ಅಂದುಕೊಂಡೆ.

ತೀರಿರಲಿಲ್ಲ. ಇಪ್ಪತ್ತು ವರ್ಷ ಕಳೆದ ಮೇಲೆ ಆ ಒಂದೂವರೆ ಪುಟವನ್ನು ಮತ್ತೆ ಹುಡುಕಿಕೊಂಡು ಓದಬೇಕಾಯಿತು. ಈ ಸಲ ಅಂಕಕ್ಕಲ್ಲ, ನನ್ನ ಬಾಮೈದನಿಗಾಗಿ. ಓದುತ್ತಾ ಓದುತ್ತಾ ನಾನೇ ಸಿಕ್ಕಿಬಿದ್ದೆ, ಅದು ಬೇರೆ ಮಾತು.

ಮೊದಲು ಊರಿನ ವಿಷಯ ಹೇಳಿಬಿಡುತ್ತೇನೆ. ನಾನು ಪಾಠ ಮಾಡುವುದು ತಾಳವಾಡಿ ಕಡೆಯ ಒಂದು ಸರ್ಕಾರಿ ಕನ್ನಡ ಶಾಲೆಯಲ್ಲಿ. ತಾಳವಾಡಿ ಇರುವುದು ತಮಿಳುನಾಡಿನ ಈರೋಡ್ ಜಿಲ್ಲೆಯಲ್ಲಿ, ಆದರೆ ಇಲ್ಲಿನ ಮಾತು ಕನ್ನಡ. ಹಿಂದೆ ನಾವೂ ಪಕ್ಕದ ಕೊಳ್ಳೇಗಾಲವೂ ಎಲ್ಲ ಕೊಯಮತ್ತೂರು ಜಿಲ್ಲೆಗೇ ಸೇರಿದ್ದವು. 1956ರಲ್ಲಿ ಕೊಳ್ಳೇಗಾಲ ಮೈಸೂರಿಗೆ ಹೋಯಿತು, ನಾವು ಇಲ್ಲೇ ಉಳಿದೆವು. ರಾಜಧಾನಿ ಯಾವುದಾದರೇನು, ಹೊಟ್ಟೆಪಾಡು ಮಾತ್ರ ಇವತ್ತಿಗೂ ಕೆಳಗಿನ ಸೀಮೆಯಲ್ಲೇ. ಮಳೆ ಕೈಕೊಟ್ಟರೆ, ಆನೆ ಬಂದು ಫಸಲು ತುಳಿದರೆ, ಜನ ದಿಂಬಂ ಘಾಟಿಯ 27 ತಿರುವು ಇಳಿದು, ಸತ್ಯಮಂಗಲ ದಾಟಿ ತಿರುಪ್ಪೂರಿಗೆ ಹೋಗುತ್ತಾರೆ. ಬನಿಯನ್ ಕಂಪನಿಗೆ. ನನ್ನ ಶಾಲೆಯ ಎಷ್ಟೋ ಮಕ್ಕಳ ಅಪ್ಪಂದಿರು ಅಲ್ಲಿದ್ದಾರೆ. ಬಾಮೈದನೂ ಹಾಗೇ ಹೋದವನು. ಫ್ಲಾಟ್‌ಲಾಕ್ ಮಷೀನಿನ ಟೈಲರ್. ಹೆಂಡತಿ, ಒಬ್ಬಳು ಮಗಳು, ಲೈನ್ ಮನೆಯಲ್ಲಿ ಸಂಸಾರ.

ಸ್ಕಿನ್ನರನ ಪಾಠವನ್ನು ನಿಜವಾಗಿ ನೋಡಬೇಕಾದರೆ ತಿರುಪ್ಪೂರಿಗೆ ಹೋಗಬೇಕು ನೋಡಿ. ನಾಲ್ಕೂ ಅನುಸೂಚಿ ರಸ್ತೆಯ ಮೇಲೇ ಸಿಗುತ್ತವೆ.

ಅಮೆರಿಕದ ಬಿ.ಎಫ್. ಸ್ಕಿನ್ನರ್ (1904-1990) ಎಂಬ ಮಹಾಶಯ ಒಂದು ಪೆಟ್ಟಿಗೆ ಮಾಡಿದ. ಒಳಗೆ ಹಸಿದ ಇಲಿ. ಅದು ಸನ್ನೆ ಒತ್ತಿದರೆ ಆಹಾರದ ಒಂದು ಗುಳಿಗೆ ಬೀಳುತ್ತದೆ. ಇಲಿ ಬೇಗ ಕಲಿತುಕೊಂಡಿತು. ಒಂದು ಶನಿವಾರ ಮಧ್ಯಾಹ್ನ ಅವನಿಗೊಂದು ತಾಪತ್ರಯ ಬಂತು. ಆ ಕಾಲಕ್ಕೆ ಗುಳಿಗೆಗಳನ್ನು ಅವನೇ ಕೂತು ಮಾಡಿಕೊಳ್ಳಬೇಕಿತ್ತು. ಲೆಕ್ಕ ಹಾಕಿದರೆ ಇದ್ದ ದಾಸ್ತಾನು ಸೋಮವಾರ ಬೆಳಗ್ಗೆಗೆ ಖಾಲಿ. ಒತ್ತಿದಾಗಲೆಲ್ಲ ಯಾಕೆ ಕೊಡಬೇಕು, ನಿಮಿಷಕ್ಕೆ ಒಂದೇ ಒಂದು ಕೊಟ್ಟರೆ ಏನಾಗುತ್ತದೆ ನೋಡೋಣ ಅಂದುಕೊಂಡ. ಕೊಡುವುದು ಕಡಿಮೆಯಾಯಿತು, ಇಲಿ ಮಾತ್ರ ಒತ್ತುವುದನ್ನು ಬಿಡಲಿಲ್ಲ. ಈ ಕಥೆಯನ್ನು ಅವನೇ 1956ರಲ್ಲಿ ಬರೆದಿದ್ದಾನೆ. ಮರುವರ್ಷ, 1957ರಲ್ಲಿ, ಫರ್ಸ್ಟರ್ ಅನ್ನುವವನ ಜೊತೆ ಸೇರಿ ಪಾರಿವಾಳಗಳ ಮೇಲೆ ಮಾಡಿದ ಪ್ರಯೋಗಗಳನ್ನು 700 ಪುಟ ದಾಟಿದ ಒಂದು ಪುಸ್ತಕವಾಗಿ ತಂದ. ಏನು ಕೊಡುತ್ತೀರಿ ಅನ್ನುವುದಕ್ಕಿಂತ ಯಾವ ಲೆಕ್ಕದಲ್ಲಿ ಕೊಡುತ್ತೀರಿ ಅನ್ನುವುದು ಎಷ್ಟು ಮುಖ್ಯ ಅನ್ನುವುದೇ ಆ ಇಡೀ ಪುಸ್ತಕ.

ಈಗ ತಿರುಪ್ಪೂರಿಗೆ ಬನ್ನಿ. ಪೀಸ್ ರೇಟ್ ಟೈಲರ್‌ಗೆ ಇಷ್ಟು ಪೀಸ್ ಹೊಲಿದರೆ ಇಷ್ಟು ದುಡ್ಡು. ಇದು ಸ್ಥಿರ ಅನುಪಾತ. ಕೈ ಮಷೀನಿಗಿಂತ ಜೋರಾಗಿ ಓಡುತ್ತದೆ. ಒಂದು ಬಂಡಲ್ ಮುಗಿದ ಕೂಡಲೇ ಒಂದು ಸಣ್ಣ ನಿಲುಗಡೆ, ಒಂದು ಟೀ, ಆಮೇಲೆ ಮತ್ತೆ ಓಟ. ಸ್ಕಿನ್ನರನ ಪಾರಿವಾಳವೂ ಕಾಳು ತಿಂದ ಮೇಲೆ ಹೀಗೇ ಸ್ವಲ್ಪ ನಿಂತು ಮುಂದುವರಿಯುತ್ತಿತ್ತು.

ಇನ್ನು ಶಿಫ್ಟ್ ಲೆಕ್ಕದವರಿಗೆ ವಾರಕ್ಕೊಮ್ಮೆ, ಶನಿವಾರ ಸಂಬಳ. ರಾತ್ರಿ ಎಂಟೂವರೆವರೆಗೆ ದುಡಿದರೆ ಒಂದೂವರೆ ಶಿಫ್ಟ್. ವರ್ಷಕ್ಕೊಮ್ಮೆ ದೀಪಾವಳಿ ಬೋನಸ್. ಇದು ಸ್ಥಿರ ಅವಧಿಗೆ ಹತ್ತಿರದ್ದು. ಪುಸ್ತಕದ ಪ್ರಕಾರ ಸ್ಥಿರ ಅವಧಿ ಅಂದರೆ, ಗೊತ್ತಾದ ಹೊತ್ತು ಕಳೆದ ಮೇಲೆ ಮಾಡುವ ಮೊದಲ ಕೆಲಸಕ್ಕೆ ಮಾತ್ರ ಬಹುಮಾನ. ಅದಕ್ಕೆ ಮುಂಚೆ ಎಷ್ಟು ಒದ್ದಾಡಿದರೂ ಇಲ್ಲ. ಹಾಗಾಗಿ ಹೊತ್ತು ಹತ್ತಿರ ಬರುವವರೆಗೆ ಆರಾಮ, ಬಂದ ಮೇಲೆ ಗಡಿಬಿಡಿ. ನಮ್ಮ ಮಕ್ಕಳು ಪರೀಕ್ಷೆಯ ಹಿಂದಿನ ವಾರ ಮಾತ್ರ ಪುಸ್ತಕ ತೆಗೆಯುವುದಿಲ್ಲವೇ, ಹಾಗೆ.

ಮೂರನೆಯದು ಚರ ಅವಧಿ. ಯಾವಾಗ ಅಂತ ಗೊತ್ತಿಲ್ಲ, ಆದರೆ ಬರುತ್ತದೆ. ನಮಗೆ ಇನ್‌ಸ್ಪೆಕ್ಷನ್ ಇದ್ದ ಹಾಗೆ. ಯಾವತ್ತು ಜೀಪು ಬರುತ್ತದೋ ತಿಳಿಯದ್ದರಿಂದ ಪಾಠದ ಟಿಪ್ಪಣಿಯನ್ನು ದಿನಾ ಬರೆದಿಟ್ಟಿರುತ್ತೇವೆ.

ನಾಲ್ಕನೆಯದೇ ಮನೆಹಾಳ. ಚರ ಅನುಪಾತ. ಎಷ್ಟು ಸಲ ಒತ್ತಿದರೆ ಕಾಳು ಬೀಳುತ್ತದೆ ಅನ್ನುವುದಕ್ಕೆ ಲೆಕ್ಕವೇ ಇಲ್ಲ. ಎರಡನೇ ಸಲಕ್ಕೆ ಬೀಳಬಹುದು, ಇನ್ನೂರನೇ ಸಲಕ್ಕೂ ಬೀಳಬಹುದು. ಇಲ್ಲಿ ನಿಲುಗಡೆ ಇಲ್ಲ, ಟೀ ಇಲ್ಲ. ಮುಂದಿನ ಸಲವೇ ಬೀಳಬಹುದಲ್ಲ! ಕಾಳು ಕೊಡುವುದನ್ನು ಪೂರ್ತಿ ನಿಲ್ಲಿಸಿದರೂ ಪಾರಿವಾಳ ಬಹಳ ಹೊತ್ತು ಕುಕ್ಕುತ್ತಲೇ ಇರುತ್ತದೆ. ಜೂಜಿನ ಹಿಡಿತ ಇದೇ ಅಂತ ಸ್ಕಿನ್ನರನೇ ಹೇಳಿದ.

ಇದನ್ನು ನಾನು ಮೊದಲು ಕಂಡದ್ದು ನನ್ನ ಚಿಕ್ಕಪ್ಪನಲ್ಲಿ. ಅವರು ಸೋಮನೂರಿನಲ್ಲಿ ಪವರ್‌ಲೂಮ್ ಓಡಿಸುತ್ತಿದ್ದರು. ಕೊಯಮತ್ತೂರು ಸುತ್ತಮುತ್ತ ನೇಯ್ಗೆಯ ದೇವಾಂಗ ಮನೆಗಳಲ್ಲಿ ಒಳಗೆ ಕನ್ನಡ, ಬಾಗಿಲು ದಾಟಿದರೆ ತಮಿಳು. ಅಂಥ ಬೀದಿಯಲ್ಲೇ ಚಿಕ್ಕಪ್ಪನ ಬಾಡಿಗೆ ಮನೆ. ನಾನು ಟಿ.ಸಿ.ಎಚ್. ರಜೆಯಲ್ಲಿ ಹೋದಾಗ ಬಸ್ ಸ್ಟ್ಯಾಂಡಿನ ಸುತ್ತ ಲಾಟರಿ ಅಂಗಡಿಗಳ ಸಾಲು. ತಮಿಳುನಾಡಿನಲ್ಲಿ ಸರ್ಕಾರವೇ 1968ರಲ್ಲಿ ಲಾಟರಿ ಶುರುಮಾಡಿತ್ತು. ಚಿಕ್ಕಪ್ಪ ಕೂಲಿ ಸಿಕ್ಕಿದ ಕೂಡಲೇ ಅಲ್ಲಿಗೆ. 'ಒಂದೇ ಒಂದು ನಂಬರಲ್ಲಿ ತಪ್ಪೋಯ್ತು ಕಣಪ್ಪ' ಅನ್ನುತ್ತಿದ್ದರು. ಒಂದು ನಂಬರಲ್ಲಿ ತಪ್ಪಿದ್ದೂ ಒಂದೇ, ಸಾವಿರ ನಂಬರಲ್ಲಿ ತಪ್ಪಿದ್ದೂ ಒಂದೇ. ಆದರೆ ಮನಸ್ಸಿಗೆ ಹಾಗೆ ಅನ್ನಿಸುವುದಿಲ್ಲ. ಒಮ್ಮೆ ಅವರಿಗೆ 500 ರೂಪಾಯಿ ಬಂತು. ಚಿಕ್ಕಮ್ಮನಿಗೆ ಸೀರೆ, ನನಗೊಂದು ಪೆನ್ನು. ಆ ಪೆನ್ನನ್ನು ನಾನು ಹೆಮ್ಮೆಯಿಂದ ಇಟ್ಟುಕೊಂಡಿದ್ದೆ. ಈಗ ಅನ್ನಿಸುತ್ತದೆ, ಆ 500 ಬರದೇ ಇದ್ದಿದ್ದರೆ ಚಿಕ್ಕಪ್ಪ ಉಳಿದುಕೊಳ್ಳುತ್ತಿದ್ದರು.

2003ರ ಜನವರಿಯಲ್ಲಿ ತಮಿಳುನಾಡು ಲಾಟರಿ ನಿಷೇಧಿಸಿತು. ಅಂಗಡಿಗಳು ರಾತ್ರೋರಾತ್ರಿ ಮೊಬೈಲ್ ರೀಚಾರ್ಜ್ ಅಂಗಡಿಗಳಾದವು. (2007ರಲ್ಲಿ ಕರ್ನಾಟಕವೂ ನಿಲ್ಲಿಸಿತು.) ಮನೆಯವರೆಲ್ಲ ದೇವರಿಗೆ ಕೈಮುಗಿದರು. ಆದರೆ ಕೊಯಮತ್ತೂರಿನಿಂದ ಬಸ್ ಹತ್ತಿದರೆ ವಾಳಯಾರ್, ಅದರಾಚೆ ಕೇರಳ. ಅಲ್ಲಿ 1967ರಿಂದ ಸರ್ಕಾರದ್ದೇ ಲಾಟರಿ ಇಲಾಖೆ, ಇವತ್ತಿಗೂ ಇದೆ. ಚಿಕ್ಕಪ್ಪ ಭಾನುವಾರ ಭಾನುವಾರ 'ಒಂದು ಕೆಲಸ ಅದೆ' ಅಂತ ವಾಳಯಾರಿಗೆ ಹೋಗತೊಡಗಿದರು. ಅಂಗಡಿ ಮುಚ್ಚಿದರೂ ಅಭ್ಯಾಸ ಮುಚ್ಚಿರಲಿಲ್ಲ. ಅವರು ತೀರಿಕೊಂಡಾಗ ಟ್ರಂಕಿನಲ್ಲಿ ಹಳೇ ಟಿಕೆಟ್ಟಿನ ಕಟ್ಟುಗಳಿದ್ದವು, ರಬ್ಬರ್ ಬ್ಯಾಂಡ್ ಹಾಕಿ ಜೋಪಾನ ಮಾಡಿದ್ದು. ಚಿಕ್ಕಮ್ಮ ಒಂದೂ ಮಾತಾಡದೆ ಒಲೆಗೆ ಹಾಕಿದರು.

ಲಾಟರಿ ಅಂದರೆ ಸಣ್ಣ ವ್ಯಾಪಾರ ಅಲ್ಲ ಬಿಡಿ. ಚುನಾವಣಾ ಬಾಂಡುಗಳ ಪಟ್ಟಿ 2024ರ ಮಾರ್ಚ್‌ನಲ್ಲಿ ಹೊರಬಂದಾಗ ಎಲ್ಲರಿಗಿಂತ ಹೆಚ್ಚು ಕೊಂಡದ್ದು ಒಂದು ಲಾಟರಿ ಕಂಪನಿ, 1,368 ಕೋಟಿ ರೂಪಾಯಿಯದ್ದು. ವಿಳಾಸ ನೋಡಿದರೆ ನಮ್ಮ ಕೊಯಮತ್ತೂರು.

ಇಷ್ಟೆಲ್ಲ ಕಣ್ಣಾರೆ ಕಂಡಿದ್ದ ನಾನು ಬಾಮೈದನ ವಿಷಯದಲ್ಲಿ ಮಾತ್ರ ಬುದ್ಧಿ ಕಲಿಯಲಿಲ್ಲ. 2020ರ ಲಾಕ್‌ಡೌನ್. ಕಂಪನಿ ಮುಚ್ಚಿತ್ತು, ಅವನು ಲೈನ್ ಮನೆಯಲ್ಲಿ ಕೂತೂ ಕೂತೂ ಮೊಬೈಲಿನಲ್ಲಿ ರಮ್ಮಿ ಹಿಡಿದ. ಮೊದಲ ವಾರ 1,800 ಗೆದ್ದ. ಸರ್ಕಾರವೂ ಸುಮ್ಮನಿರಲಿಲ್ಲ. 2020ರಲ್ಲಿ ಒಂದು ಸುಗ್ರೀವಾಜ್ಞೆ, 2022ರಲ್ಲಿ ಒಂದು ಕಾಯಿದೆ. 2023ರ ನವೆಂಬರ್‌ನಲ್ಲಿ ಮದ್ರಾಸ್ ಹೈಕೋರ್ಟು ರಮ್ಮಿ ಕೌಶಲದ ಆಟ ಅಂತ ಹೇಳಿ ಆ ನಿಷೇಧದಿಂದ ಅದನ್ನು ಹೊರಗಿಟ್ಟಿತು. ಕೌಶಲ ಇದ್ದೀತು. ಆದರೆ ಒಂದೂವರೆ ಶಿಫ್ಟ್ ಮುಗಿಸಿ ರಾತ್ರಿ ಹನ್ನೆರಡಕ್ಕೆ ಕಣ್ಣು ಕೂರುತ್ತಿರುವಾಗ ಯಾವ ಕೌಶಲ? ಹೆಂಡತಿಯ ಓಲೆ ಅಡವಿಗೆ ಹೋಯಿತು. ಕಂದುವಡ್ಡಿಯವನು ಶನಿವಾರ ಸಂಜೆ ಕಂಪನಿ ಗೇಟಿಗೇ ಬಂದು ನಿಲ್ಲತೊಡಗಿದ.

'ಅಷ್ಟೊಂದು ಆಸೆ ಯಾಕಯ್ಯಾ ನಿನಗೆ?' ಅಂತ ನಾನು ಮೇಷ್ಟ್ರ ಗತ್ತಿನಲ್ಲಿ ಬೈದಿದ್ದೆ. ಅವನು ನೆಲ ನೋಡುತ್ತಾ ಹೇಳಿದ: 'ಆಸೆ ಅಲ್ಲ ಭಾವ. ಯಾವಾಗ ಬತ್ತದೆ ಅಂತ ಗೊತ್ತಾಗಕಿಲ್ಲ. ಅದಕ್ಕೇ ಬುಡಕ್ಕಾಗಕಿಲ್ಲ.'

ನಾನು ಒಂದೂವರೆ ಪುಟ ಬರೆದದ್ದನ್ನು ಎಸೆಸೆಲ್ಸಿ ದಾಟದ ಅವನು ಒಂದು ಸಾಲಿನಲ್ಲಿ ಹೇಳಿಬಿಟ್ಟ. ಆವತ್ತು ರಾತ್ರಿ ಮನೆಗೆ ಬಂದು ಅಟ್ಟದ ಮೇಲಿನ ಟಿ.ಸಿ.ಎಚ್. ನೋಟ್ಸ್ ತೆಗೆದೆ. ಪಾರಿವಾಳದ ಪುಟ ಓದುತ್ತಿದ್ದಾಗ ಅಡುಗೆಮನೆಯಲ್ಲಿ ನನ್ನಾಕೆಯ ಫೋನ್ ಹೊಡೆದುಕೊಂಡಿತು. ಅವನೇ. 'ಅಕ್ಕಾ, ಇದೊಂದ್ ಸಲ...'

ಆಗ ಹೊಳೆಯಿತು ನನಗೆ. ಅವನು ಕುಕ್ಕುತ್ತಿದ್ದದ್ದು ಬರೀ ಮೊಬೈಲನ್ನಲ್ಲ, ನಮ್ಮನ್ನೂ! ನಾವು ಏನು ಮಾಡುತ್ತಿದ್ದೆವು? ನಾಲ್ಕು ಸಲ ಇಲ್ಲ ಅನ್ನುವುದು, ಐದನೇ ಸಲ ಕರುಳು ಕೇಳದೆ ಕೊಡುವುದು. ಮುಂದಿನ ತಿಂಗಳು ಇನ್ನೂ ಗಟ್ಟಿಯಾಗಿ ಹತ್ತು ಸಲ ಇಲ್ಲ ಅನ್ನುವುದು, ಹನ್ನೊಂದನೇ ಸಲ ಕೊಡುವುದು. ಇಲ್ಲ ಅಂದೆವಲ್ಲ ಅಂತ ನಮಗೆ ಸಮಾಧಾನ. ಅವನು ಕಲಿತದ್ದು ಬೇರೆ: ಹನ್ನೊಂದು ಸಲ ಕೇಳಬೇಕು, ಅಷ್ಟೇ. ಆ ಹನ್ನೊಂದನೇ ಸಲ ಹೆಂಡತಿಗೆ ಗೊತ್ತಿಲ್ಲದ ಹಾಗೆ ಕೊಟ್ಟವನು ಯಾರು ಅಂದುಕೊಂಡಿರಿ? ನಾನೇ. ಮೇಷ್ಟ್ರು!

ಅವತ್ತು ಗಂಡ ಹೆಂಡತಿ ಕೂತು ಮಾತಾಡಿದೆವು. ಇನ್ನು ಕೈಗೆ ದುಡ್ಡು ಕೊಡುವುದಿಲ್ಲ. ಕೊಡದಿದ್ದರೆ ಕೇಳುವುದು ಮೊದಲು ಕಡಿಮೆಯಾಗುವುದಿಲ್ಲ, ಜಾಸ್ತಿಯಾಗುತ್ತದೆ, ಅದು ಪುಸ್ತಕದಲ್ಲೇ ಇದೆ ಅಂತ ಅವಳಿಗೆ ಹೇಳಿದೆ. ಹಾಗೇ ಆಯಿತು. ದಿನಕ್ಕೆ ಮೂರಿದ್ದ ಫೋನ್ ಹತ್ತಾಯಿತು, ಹದಿನಾಲ್ಕಾಯಿತು. ಅತ್ತ, ಬೈದ, ಅಮ್ಮನ ಆಣೆ ಇಟ್ಟ. ಎರಡನೇ ವಾರ ಒಂದು ರಾತ್ರಿ ಫೋನೇ ಬರಲಿಲ್ಲ. ಒಂದು ಮೆಸೇಜ್ ಮಾತ್ರ ಬಂತು: 'ಅಕ್ಕ, ಪಾಪುನ ನೋಡ್ಕೋ.'

ಇದಕ್ಕೆ ಸ್ಕಿನ್ನರನ ಪುಸ್ತಕದಲ್ಲಿ ಪುಟ ಇಲ್ಲ. ರಮ್ಮಿ ಸಾಲಕ್ಕೆ ಜೀವ ಕಳೆದುಕೊಂಡವರ ಸುದ್ದಿ ತಮಿಳು ಪೇಪರಿನಲ್ಲಿ ಎಷ್ಟು ಓದಿದ್ದೆವು! ಅವನ ಪಕ್ಕದ ಮನೆಯವರಿಗೆ ಫೋನ್ ಮಾಡಿ ಎಬ್ಬಿಸಿ, ರಾತ್ರಿಯಿಡೀ ಜೊತೆಯಲ್ಲಿ ಕೂರಿಸಿ, ಬೆಳಗಿನ ಮೊದಲ ಬಸ್ಸಿಗೆ ನಾವಿಬ್ಬರೂ ಹೊರಟೆವು. ಆ 27 ತಿರುವು ಅಷ್ಟು ಉದ್ದ ನನಗೆ ಯಾವತ್ತೂ ಅನ್ನಿಸಿರಲಿಲ್ಲ. ಹೋಗಿ ನೋಡಿದರೆ ಬಾಗಿಲ ಮೆಟ್ಟಿಲ ಮೇಲೆ ಕೂತಿದ್ದ. ಅಕ್ಕನನ್ನು ನೋಡಿ ಮಗುವಿನ ಹಾಗೆ ಅತ್ತ. ಅವಳು ಏನೂ ಕೇಳಲಿಲ್ಲ. ಒಳಗೆ ಹೋಗಿ ಅನ್ನ ಬೇಯಿಸಿದಳು.

ಅಲ್ಲಿ ನಾನು ಕಲಿತದ್ದು ಇಷ್ಟು. ದುಡ್ಡು ನಿಲ್ಲಿಸಬೇಕು, ಮನುಷ್ಯನನ್ನು ಬಿಡಬಾರದು. ನಾವು ಎರಡನ್ನೂ ಒಟ್ಟಿಗೇ ನಿಲ್ಲಿಸಿಬಿಟ್ಟಿದ್ದೆವು. ಕೇಳುತ್ತಾನೆ ಅಂತ ಫೋನನ್ನೇ ಎತ್ತುತ್ತಿರಲಿಲ್ಲ. ಆವತ್ತಿನಿಂದ ಒಂದು ಹೊಸ ಕ್ರಮ. ದಿನಾ ರಾತ್ರಿ ಒಂಬತ್ತಕ್ಕೆ ನಾವೇ ಫೋನ್ ಮಾಡುವುದು. ಅವನು ಒಳ್ಳೆಯದು ಮಾಡಿರಲಿ, ಕೆಟ್ಟದ್ದು ಮಾಡಿರಲಿ, ಆ ಫೋನ್ ಬಂದೇ ಬರುತ್ತದೆ. ಅದಕ್ಕೆ ಲೆಕ್ಕ ಇಲ್ಲ, ಅದು ಬಹುಮಾನವೂ ಅಲ್ಲ. ಶನಿವಾರದ ಸಂಬಳ ನೇರ ಹೆಂಡತಿಯ ಕೈಗೆ. ಸ್ಮಾರ್ಟ್ ಫೋನ್ ಹೋಗಿ ಬಟನ್ ಫೋನ್ ಬಂತು. ಸಾಲವನ್ನು ನಾವೇ ಕೂತು ಪಟ್ಟಿ ಮಾಡಿ, ಕೊಡಬೇಕಾದವರಿಗೆ ನೇರವಾಗಿ ಕಟ್ಟಿದೆವು, ಅವನ ಕೈಗಲ್ಲ. ಸರ್ಕಾರಿ ಆಸ್ಪತ್ರೆಯ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದೆ. 'ಇದು ಕಾಯಿಲೆ, ಕೆಟ್ಟತನ ಅಲ್ಲ' ಅಂತ ಅವರು ತಮಿಳಿನಲ್ಲಿ ಹೇಳಿದಾಗ ಬಾಮೈದ ಮೊದಲ ಸಲ ತಲೆ ಎತ್ತಿದ.

ಭಾನುವಾರ ರಾತ್ರಿ ಊರಿಗೆ ವಾಪಸ್. ಸೋಮವಾರ ಶಾಲೆ. ನಾನು ಸಿಕ್ಕಿಬಿದ್ದೆ ಅಂದೆನಲ್ಲ, ಅದು ಅಲ್ಲಿ.

ನನ್ನ ನಾಲ್ಕನೇ ತರಗತಿಯಲ್ಲಿ ಒಂದು ಡಬ್ಬಿ ಇತ್ತು. ಹಾರ್ಲಿಕ್ಸ್ ಡಬ್ಬಿಗೆ ಬಣ್ಣದ ಕಾಗದ ಅಂಟಿಸಿ 'ಅದೃಷ್ಟದ ಡಬ್ಬಿ' ಅಂತ ಬರೆದದ್ದು. ಮೊದಲೆಲ್ಲ ಹೋಂವರ್ಕ್ ಮಾಡಿದವರಿಗೆಲ್ಲ ಪೆನ್ಸಿಲ್ ಕೊಡುತ್ತಿದ್ದೆ. ಪೆನ್ಸಿಲ್ ಮುಗಿದ ದಿನ ಹೋಂವರ್ಕೂ ಮುಗಿಯಿತು. ಆಮೇಲೆ ಈ ಡಬ್ಬಿ. ಹೋಂವರ್ಕ್ ಮಾಡಿದರೆ ಹೆಸರು ಬರೆದ ಒಂದು ಚೀಟಿ ಒಳಗೆ. ಯಾವತ್ತೋ ಒಂದು ದಿನ, ಹೇಳದೆ ಕೇಳದೆ ಒಂದು ಚೀಟಿ ಎತ್ತುವುದು, ಒಬ್ಬರಿಗೆ ಪೆನ್ನು. ಅಬ್ಬಾ, ಏನು ಉತ್ಸಾಹ ಅಂತೀರಿ! ಎಲ್ಲರದೂ ಹೋಂವರ್ಕ್ ತಯಾರು. ಖರ್ಚು ಒಂದೇ ಪೆನ್ನಿನದು. ಸಿ.ಆರ್.ಸಿ. ಸಭೆಯಲ್ಲಿ ಎದ್ದು ನಿಂತು ಹೇಳಿ ಚಪ್ಪಾಳೆಯನ್ನೂ ಗಿಟ್ಟಿಸಿದ್ದೆ.

ಆ ಸೋಮವಾರ ಒಬ್ಬಳು ಹುಡುಗಿ ಮೇಜಿನ ಹತ್ತಿರ ಬಂದಳು. ಅವಳ ಅಪ್ಪನೂ ತಿರುಪ್ಪೂರಿನಲ್ಲೇ. ಮೆಲ್ಲಗೆ ಕೇಳಿದಳು: 'ಸಾ, ನಾಳ ಚೀಟಿನೂ ಇವತ್ತೇ ಕೊಟ್ಬುಡಿ. ನಾಳ ಖಂಡಿತ ಬರ್ಕಂಬತ್ತೀನಿ.'

ನಾಳೆಯದು ಇವತ್ತೇ. ಸಾಲ! ಒಂಬತ್ತು ವರ್ಷದ ಮಗು. ಅದೇ ಮಾತು, ಅದೇ ಕಣ್ಣು. ನನ್ನ ಕೈ ಡಬ್ಬಿಯ ಮೇಲೇ ಇತ್ತು, ಬಿಸಿ ಪಾತ್ರೆ ಮುಟ್ಟಿದಂತಾಯಿತು. ಪುಟ್ಟ ಲಾಟರಿ ಅಂಗಡಿ ಇಟ್ಟುಕೊಂಡು ಕೂತಿದ್ದವನು ನಾನೇ. ಅವಳ ನೋಟ್‌ಬುಕ್ ತೆರೆದು ನೋಡಿದೆ. ಗುಣಾಕಾರ ಅರ್ಧಕ್ಕರ್ಧ ತಪ್ಪು, ಪಕ್ಕದವಳದ್ದನ್ನು ನೋಡಿ ಬರೆದದ್ದು. ಚೀಟಿಗೆ ಬೇಕಾದದ್ದು ಹೋಂವರ್ಕ್, ಲೆಕ್ಕ ಅಲ್ಲವಲ್ಲ. ಇಷ್ಟು ದಿನ ನಾನು ಅದನ್ನು ನೋಡಿಯೇ ಇರಲಿಲ್ಲ. ಎಲ್ಲರೂ ಬರೆಯುತ್ತಿದ್ದಾರಲ್ಲ ಅನ್ನುವ ಖುಷಿ ನನಗೆ ಬೀಳುತ್ತಿದ್ದ ಕಾಳು.

ಡಬ್ಬಿ ಈಗ ಸೀಮೆಸುಣ್ಣ ಇಡಲು. ಬದಲಿಗೆ ಏನು ಮಾಡಿದೆ ಅಂದರೆ ದೊಡ್ಡದೇನಿಲ್ಲ. ಯಾರು ಯಾವ ಕಡೆ ನಿಂತಿದ್ದಾರೋ ಅಲ್ಲಿಂದ ದಿನಕ್ಕೆ ಮೂರೇ ಲೆಕ್ಕ. ಸರಿ ಆದರೆ ಯಾವ ಹೆಜ್ಜೆ ಸರಿ ಅಂತ ಬಾಯಿಬಿಟ್ಟು ಹೇಳುವುದು. ಓದಲು ಬಂದವರು ಒಂದನೇ ತರಗತಿಯ ಮಕ್ಕಳಿಗೆ ಕಥೆ ಓದಿ ಹೇಳುವುದು. ಮೊದಮೊದಲು ಪ್ರತಿ ಸಲ ಮೆಚ್ಚಬೇಕು, ಕಲಿತ ಮೇಲೆ ಮೆಲ್ಲಗೆ ಕಡಿಮೆ ಮಾಡಬೇಕು. ಇದೂ ಸ್ಕಿನ್ನರನದೇ ಪಾಠ. ಕತ್ತಿ ಒಂದೇ, ತರಕಾರಿಯನ್ನೂ ಹೆಚ್ಚುತ್ತದೆ, ಬೆರಳನ್ನೂ ಕೊಯ್ಯುತ್ತದೆ. ನಿಜ ಹೇಳಬೇಕೆಂದರೆ ಮೊದಲ ತಿಂಗಳು ಹೋಂವರ್ಕ್ ತರುವವರು ಅರ್ಧಕ್ಕೆ ಇಳಿದರು. 'ಸಾ, ಡಬ್ಬಿ ಯಾವಾಗ?' ಅಂತ ದಿನಾ ಕೇಳುತ್ತಿದ್ದರು. ಈಗ ಕೇಳುವುದಿಲ್ಲ. ಆ ಹುಡುಗಿಗೆ ಈಗ ಮಗ್ಗಿ ಬರುತ್ತದೆ.

ಬಾಮೈದ? 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾಯಿದೆ ಮಾಡಿ ದುಡ್ಡಿನ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸಿದಾಗ ಅವನೇ ಫೋನ್ ಮಾಡಿ 'ಭಾವ, ನಿಂತೋಯ್ತು' ಅಂದ. ದನಿಯಲ್ಲಿ ಸಂತೋಷವೂ ಇತ್ತು, ಏನೋ ಕಳೆದುಕೊಂಡ ಹಾಗೂ ಇತ್ತು. ಮೊನ್ನೆ ಹಬ್ಬಕ್ಕೆ ಬಂದಾಗ ಅಂಗಿ ಜೇಬಿನಲ್ಲಿ ಒಂದು ಕೇರಳ ಲಾಟರಿ ಟಿಕೆಟ್ ಇತ್ತು. ಬಚ್ಚಿಡಲಿಲ್ಲ, ಅವನೇ ತೆಗೆದು ನನ್ನಾಕೆಯ ಕೈಗೆ ಕೊಟ್ಟ. 'ಕೊಂಡ್ಬುಟ್ಟೆ ಅಕ್ಕಾ. ನಂಬರ್ ನೋಡಿಲ್ಲ.' ನಾವೂ ನೋಡಲಿಲ್ಲ. ಒಲೆ ಉರಿಯುತ್ತಿತ್ತು.

ನಿಮ್ಮ ಮನೆಯಲ್ಲೂ, ಬೀದಿಯಲ್ಲೂ ಇಂಥವರು ಇದ್ದರೆ ಬೈಯುವ ಮುಂಚೆ ಒಂದು ನಿಮಿಷ ಯೋಚಿಸಿ, ಹನ್ನೊಂದನೇ ಸಲ ಕೊಡುತ್ತಿರುವವರು ನಾವೇ ಇರಬಹುದು. ಸಹಾಯ ಬೇಕಾದರೆ ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ ಇದೆ, ನಂಬರ್ 14416. ಯಾವ ಹೊತ್ತಿನಲ್ಲಾದರೂ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೂ ತಮಿಳಿನಲ್ಲೂ ಮಾತಾಡಬಹುದು.

ಒಂಬತ್ತು ಗಂಟೆ ಆಗುತ್ತಾ ಬಂತು. ತಿರುಪ್ಪೂರಿಗೆ ಫೋನ್ ಮಾಡಬೇಕು. ಬರುತ್ತೇನೆ.